ಅಳತೆ ಕೋಣೆಯ ಬಿಸಿ

ಜನವರಿ ೧೨

ಅತ್ತಿಗೆಗೆ ನಮಸ್ಕಾರಗಳು.

ನಾನು ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಅಣ್ಣ ಹೋದ ಮೇಲೆ ಈ ಆರು ವರ್ಷದಲ್ಲಿ ನಾನು ನಿಮಗೆ ಬರೆದದ್ದು ಎರಡೇ ಕಾರ್ಡು. ಈಗ ಇದ್ದಕ್ಕಿದ್ದಂತೆ ದಪ್ಪ ಲಕೋಟೆ ಬಂದರೆ ಮೈದುನನಿಗೆ ಏನೋ ಬೇಕಾಗಿದೆ ಎಂದುಕೊಳ್ಳುತ್ತೀರಿ. ಹೌದು, ಬೇಕಾಗಿದೆ.

ಕಳೆದ ವರ್ಷ ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ವಿಕಿರಣ ಚಿಕಿತ್ಸೆ ಮುಗಿದಿದೆ. ಅದರ ಜೊತೆಗೆ ಮೂರು ತಿಂಗಳಿಗೊಂದು ಸೂಜಿ, ಎರಡು ವರ್ಷಕ್ಕೆ ಎಂಟು. ಎರಡು ಆಗಿವೆ. ಗಂಡಸಿನ ಹಾರ್ಮೋನನ್ನೇ ನಿಲ್ಲಿಸುವ ಸೂಜಿ ಇದು, ಆ ಹಾರ್ಮೋನು ಸಿಗದಿದ್ದರೆ ರೋಗ ಹಸಿದುಕೊಂಡು ಬಿದ್ದಿರುತ್ತದಂತೆ. ರೋಗದ ಜೊತೆ ನಾನೂ ಹಸಿದುಕೊಂಡು ಬಿದ್ದಿರುತ್ತೇನೆ ಎಂದು ಡಾಕ್ಟರಮ್ಮ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಿವೃತ್ತಿಯಾದ ಮೇಲೂ ಕಾರ್ಖಾನೆಯವರು ನನ್ನನ್ನು ಅದೇ ಅಳತೆ ಕೋಣೆಯಲ್ಲಿ ಉಳಿಸಿಕೊಂಡಿದ್ದಾರೆ. ಉಕ್ಕು ಹಿಗ್ಗದಂತೆ ಅದೇ ಇಪ್ಪತ್ತು ಡಿಗ್ರಿ, ಎರಡು ಬಾಗಿಲು, ಒಳಗೆ ಒಬ್ಬರೇ. ನೀವು ಇಲ್ಲಿ ಕೆಲಸಕ್ಕಿದ್ದಾಗ ನನಗೆ ಹಿಡಿಯಲು ಕಲಿಸಿಕೊಟ್ಟ ಮರದ ಚಿಮಟವೇ ಇನ್ನೂ ಇದೆ. ಡಿಸೆಂಬರಿನ ಕೊನೆಯ ಮೂರು ವಾರ ನನ್ನ ಅಳತೆಗಳು ಕೆಟ್ಟವು. ನೂರು ಮಿಲಿಮೀಟರಿನ ಉಕ್ಕಿನ ಬ್ಲಾಕು ಒಮ್ಮೆ ಉದ್ದ, ಇನ್ನೊಮ್ಮೆ ಸರಿ. ತಂಪು ಯಂತ್ರದವರನ್ನು ಎರಡು ಸಲ ಕರೆಸಿ ಬೈದೆ. ಮುಳ್ಳಿನ ಡಯಲನ್ನು ರಿಪೇರಿಗೆ ಕಳಿಸಿದೆ. ಎಲ್ಲ ಸರಿಯಿದೆ ಎಂದು ಚೀಟಿ ಬರೆದು ವಾಪಸು ಕೊಟ್ಟರು.

ಹೋದ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬ್ಲಾಕನ್ನು ಇಟ್ಟು, ಕೈ ಹಿಂದೆ ಕಟ್ಟಿ, ಮುಳ್ಳು ನಿಲ್ಲುವುದನ್ನು ಕಾಯುತ್ತಿದ್ದೆ. ಆಗ ಅದು ಬಂತು. ಎದೆಯ ನಡುವಿನಿಂದ ಹೊರಟು ಕುತ್ತಿಗೆ, ಕಿವಿ, ನೆತ್ತಿ. ಯಾರೋ ಒಳಗೆ ಒಲೆ ಹಚ್ಚಿದ ಹಾಗೆ. ಸೂಜಿ ಶುರುವಾದಾಗಿನಿಂದ ದಿನಕ್ಕೆ ಏಳೆಂಟು ಸಲ ಬರುತ್ತದೆ. ಅವತ್ತು ಮಾತ್ರ ಕಣ್ಣು ಮುಳ್ಳಿನ ಮೇಲಿತ್ತು. ಅದು ಒಂದು ಗೆರೆ ಸರಿಯಿತು. ನಾನು ಉಸಿರು ಬಿಗಿಹಿಡಿದೆ. ಇನ್ನೊಂದು ಗೆರೆ ಸರಿಯಿತು. ಯಾರೂ ಏನನ್ನೂ ಮುಟ್ಟಿರಲಿಲ್ಲ ಅತ್ತಿಗೆ. ಬಿಸಿ ಇಳಿದು ಬೆವರು ಬಂತು, ಹೊರಗೆ ಹೋಗಿ ಬಂದೆ, ಮುಳ್ಳು ತನ್ನ ಜಾಗಕ್ಕೆ ಮರಳಿತ್ತು. ಅವತ್ತೇ ಮೂರು ಸಲ ನೋಡಿದೆ. ನನ್ನ ಮೈಯ ಒಳಗೆ ನಡೆದದ್ದಕ್ಕೆ ಕೈ ಚಾಚುವಷ್ಟು ದೂರದಲ್ಲಿದ್ದ ಉಕ್ಕು ಬೆಳೆಯುತ್ತಿತ್ತು. ನನಗೆ ಮೈಯೆಲ್ಲ ಜುಮ್ಮೆಂದಿತು. ಇಷ್ಟು ವರ್ಷ ಆ ಕೋಣೆಯಲ್ಲಿದ್ದೂ ಅದನ್ನು ನೋಡಿರಲಿಲ್ಲವಲ್ಲ ಎನಿಸಿತು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕೋಣೆಯಲ್ಲಿ ಒಬ್ಬ ಮನುಷ್ಯ ಎಂದರೆ ಇಷ್ಟು ಶಾಖ ಎಂದು ಲೆಕ್ಕ ಹಿಡಿದೇ ನಾವು ತಂಪು ಹೊಂದಿಸುವುದು. ಆ ಮನುಷ್ಯ ಗಳಿಗೆಗೊಂದು ಥರ ಇರಬಹುದು ಎಂದು ಯಾರೂ ಹಿಡಿದಿರಲಿಲ್ಲ.

ಆಮೇಲೆ ನನಗೆ ನಿಮ್ಮ ನೆನಪಾಯಿತು. ಇಪ್ಪತ್ತೆರಡು ವರ್ಷದ ಕೆಳಗೆ, ಕೋಣೆಗೆ ನಾನು ಮುಖ್ಯಸ್ಥನಾಗಿ ನೀವು ನನ್ನ ಕೈಕೆಳಗೆ ಇದ್ದಾಗ, ನಿಮ್ಮ ಅಳತೆಗಳು ಕೆಟ್ಟವು ಎಂದು ವರದಿ ಬರೆದವನು ನಾನು. ನಿಮ್ಮನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಆಗ ನಿಮಗೆ ಐವತ್ತು ವಯಸ್ಸು. ಕೇಳಬಾರದ್ದು, ಕೇಳುತ್ತಿದ್ದೇನೆ. ಆಗ ನಿಮಗೂ ಇದೇ ಇತ್ತೇ?

ನಿಮ್ಮ ಮೈದುನ,
ಮೈಕ್ರಾನ್
(ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸಣಕಲ ಎಂದು ನೀವೇ ಇಟ್ಟ ಹೆಸರು. ಈಗ ನಾಲ್ಕು ಕಿಲೋ ಹೆಚ್ಚಾಗಿದ್ದೇನೆ, ಹೆಸರು ಒಪ್ಪುವುದಿಲ್ಲ.)


ಜನವರಿ ೨೭

ಮೈಕ್ರಾನ್‌ಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ನಕ್ಕೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಮೈದುನನಿಗೂ ಒಂದು ಕಾಲ ಇದೆ ಅಂತ ಯಾರೂ ಹೇಳಿರಲಿಲ್ಲ.

ನೀನು ಕೇಳಿದ್ದಕ್ಕೆ ಈಗ ಉತ್ತರ ಕೊಡುವುದಿಲ್ಲ. ಇಪ್ಪತ್ತೆರಡು ವರ್ಷ ತಡವಾಗಿ ಕೇಳಿದವನು ಒಂದು ತಿಂಗಳು ಕಾಯಬಹುದು.

ಮೊದಲು ನಿನ್ನ ಮೈ ನೋಡಿಕೊ. ತೆಳ್ಳಗಿನ ಹತ್ತಿ ಬಟ್ಟೆಯನ್ನು ಒಂದರ ಮೇಲೊಂದು ಹಾಕು, ಬಿಸಿ ಬಂದಾಗ ಒಂದೊಂದೇ ಕಳಚಲು ಬರುತ್ತದೆ. ಕುದಿಯುವ ಕಾಫಿ ಬಿಡು, ಆರಿದ್ದು ಕುಡಿ. ಯಾವ ಹೊತ್ತಿಗೆ, ಏನು ಮಾಡುವಾಗ ಬರುತ್ತದೆ ಅಂತ ಬರೆದಿಡು, ನಿನಗೆ ಬರೆದಿಡುವುದು ಹೇಳಿಕೊಡಬೇಕಾಗಿಲ್ಲ. ದಿನಾ ಬಿರುಸಾಗಿ ನಡೆ, ಈ ಸೂಜಿ ಮೂಳೆಯನ್ನೂ ಸವೆಸುತ್ತದಂತೆ, ಇಲ್ಲಿ ನನ್ನ ಮಗಳು ಓದಿ ಹೇಳಿದಳು. ಎಲ್ಲವನ್ನೂ ಡಾಕ್ಟರಮ್ಮನ ಹತ್ತಿರ ಬಾಯಿಬಿಟ್ಟು ಹೇಳು. ಬಿಸಿ ತಡೆಯಲು ಅವರ ಹತ್ತಿರ ಮಾತ್ರೆ ಇದೆ, ಕೇಳಿದವರಿಗೆ ಮಾತ್ರ ಕೊಡುತ್ತಾರೆ.

ನಿನ್ನ ಹೆಂಡತಿಗೆ ಇದೆಲ್ಲ ಹೇಳಿದ್ದೀಯಾ? ಕಾಯಿಲೆಯ ಹೆಸರು ಅವಳಿಗೆ ಗೊತ್ತಿರುತ್ತದೆ. ನಾನು ಕೇಳುತ್ತಿರುವುದು ಬಿಸಿಯ ವಿಷಯ. ನಿನ್ನ ಕಾಗದದಲ್ಲಿ ಅವಳ ಸುದ್ದಿ ಒಂದು ಸಾಲೂ ಇಲ್ಲ.

ನಿನ್ನ ಅತ್ತಿಗೆ


ಫೆಬ್ರವರಿ ೧೮

ಅತ್ತಿಗೆಗೆ ನಮಸ್ಕಾರಗಳು.

ಅವಳಿಗೆ ಹೇಳಿಲ್ಲ. ಕೇಳಿದರೆ ವಯಸ್ಸಾಯಿತು ಎನ್ನುತ್ತೇನೆ.

ಏನೆಂದು ಹೇಳಲಿ? ಮೊನ್ನೆ ಬಸ್ಸಿನಲ್ಲಿ ಯಾರೋ ಒಬ್ಬ ಕೂತಲ್ಲೇ ನಿದ್ದೆ ಹೋಗಿ ಪಕ್ಕದ ಹೆಂಗಸಿನ ಭುಜದ ಮೇಲೆ ತಲೆ ಇಟ್ಟಿದ್ದ. ಅವಳು ಅವನಿಗೆ ಎಚ್ಚರವಾಗದಂತೆ ಅಲುಗಾಡದೆ ಕೂತಿದ್ದಳು. ಅದನ್ನು ನೋಡಿ ನನ್ನ ಕಣ್ಣಲ್ಲಿ ಧಾರಾಕಾರ ನೀರು. ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಇಳಿದು ನಡೆದು ಬಂದೆ. ಅಣ್ಣ ಹೋದಾಗಲೂ ಅಳದವನು ನಾನು.

ಎದೆ ಊದಿಕೊಂಡಿದೆ, ಶರ್ಟು ತಾಗಿದರೆ ನೋವು. ಡಬ್ಬದ ಮುಚ್ಚಳ ತೆಗೆಯಲು ಕೈಯಲ್ಲಿ ಕಸುವಿಲ್ಲ. ಅವಳು ತೆಗೆದು, ಮೊದಲು ಸಡಿಲಿಸಿದ್ದು ನಾನೇ ಎನ್ನುವ ಹಾಗೆ ಮುಂದೆ ಇಡುತ್ತಾಳೆ. ಗಂಡಹೆಂಡಿರ ಮಾತು ಅತ್ತಿಗೆಗೆ ಬರೆಯಬಾರದು. ಆ ಆಸೆ ಎದ್ದುಹೋಗಿದೆ ಎಂದಷ್ಟೇ ಹೇಳುತ್ತೇನೆ. ಅವಳಿಗೆ ಮುಖ ತೋರಿಸಲಾಗದೆ, ಸೆಖೆ ಎಂದು ನೆಪ ಹೇಳಿ ಹಜಾರದಲ್ಲಿ ಮಲಗುತ್ತೇನೆ. ನಾನು ಗಂಡಸಾಗಿ ಉಳಿದಿಲ್ಲ.

ಮೂರನೆಯ ಸೂಜಿ ಮಾರ್ಚ್ ಒಂಬತ್ತಕ್ಕೆ. ಹಾಕಿಸಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನಡುವೆ ಬಿಟ್ಟರೆ ರೋಗ ಮತ್ತೆ ತಲೆ ಎತ್ತಬಹುದು ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದಾರೆ. ಎತ್ತಲಿ. ಇನ್ನೂ ಆರು ಸೂಜಿ ಹೀಗೆ ಕಳೆಯುವುದಕ್ಕಿಂತ, ಇರುವಷ್ಟು ದಿನ ನಾನು ನಾನಾಗಿ ಇರುತ್ತೇನೆ. ನಿಮಗೆ ಮಾತ್ರ ಹೇಳಿದ್ದೇನೆ.

ಇನ್ನೊಂದು ವಿಷಯ. ನಮ್ಮ ಕೋಣೆಯಲ್ಲಿ ಯಾವ ಹಾಳೆಯನ್ನೂ ಎಸೆಯುವುದಿಲ್ಲ. ಕಬ್ಬಿಣದ ಬೀರು ತೆಗೆದು ಆ ವರ್ಷದ ನಿಮ್ಮ ಕೆಟ್ಟ ಏಳು ತಿಂಗಳ ಹಾಳೆಗಳನ್ನು ನನ್ನ ಡಿಸೆಂಬರಿನ ಹಾಳೆಗಳ ಪಕ್ಕದಲ್ಲಿ ಇಟ್ಟು ನೋಡಿದೆ. ಅದೇ ಏರು, ಅದೇ ಇಳಿತ. ಎರಡೂ ಒಂದೇ ಕೈಯ ಬರಹದಂತಿವೆ. ನನ್ನ ವರದಿಯೂ ಅಲ್ಲೇ ಇತ್ತು. ‘ಅಜಾಗರೂಕತೆ’ ಎಂದು ಎರಡು ಕಡೆ ಬರೆದಿದ್ದೇನೆ. ನಿಮ್ಮದು ತಪ್ಪಲ್ಲ, ನನ್ನದು. ಕ್ಷಮಿಸಿ.

ಮೈಕ್ರಾನ್


ಮಾರ್ಚ್ ೧

ಮೈಕ್ರಾನ್‌ಗೆ,

ಹೌದು, ಮುಟ್ಟು ನಿಲ್ಲುವ ಕಾಲಕ್ಕೆ ನನಗೂ ಇದೇ ಇತ್ತು.

ನಿನಗಿಂತ ಮೊದಲೇ ನನಗೆ ಗೊತ್ತಾಗಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಆ ಏಳು ತಿಂಗಳ ಕೊನೆಯಲ್ಲಿ, ನನ್ನನ್ನು ಪ್ಯಾಕಿಂಗಿಗೆ ಹಾಕುವ ಮಾತು ಎದ್ದಿದ್ದಾಗ, ಒಂದು ಮಧ್ಯಾಹ್ನ ನಾನೂ ಕೈ ಹಿಂದೆ ಕಟ್ಟಿಕೊಂಡು ನಿಂತು ಆ ಮುಳ್ಳು ಸರಿಯುವುದನ್ನು ನೋಡಿದೆ. ಹೆದರಿದೆ. ಸುಳ್ಳು ಯಾಕೆ, ಹೆಮ್ಮೆಯೂ ಆಯಿತು. ಇಬ್ಬರು ಮಕ್ಕಳನ್ನು ಹೆತ್ತು ಸೋತು, ಇನ್ನು ಇದರಿಂದ ಏನೂ ಆಗದು ಅಂದುಕೊಂಡಿದ್ದ ಮೈ ಅದು. ಉಕ್ಕು ಅದರ ಮಾತು ಕೇಳುತ್ತಿತ್ತು. ದೊಡ್ಡ ಗುಡಿಯೊಳಗೆ ಒಬ್ಬಳೇ ನಿಂತ ಹಾಗೆ ಸುಮ್ಮನೆ ನಿಂತಿದ್ದೆ.

ಮನೆಗೆ ಬಂದು ನಿಮ್ಮಣ್ಣನಿಗೆ ಹೇಳಿದೆ. ಅವರು ಪೇಪರು ಕೆಳಗಿಟ್ಟು ಅಂದರು: “ಇದನ್ನೆಲ್ಲ ಗಂಡಸರ ಮುಂದೆ ಹೇಳ್ಬೇಡ ಮಾರಾಯ್ತಿ. ಅವನು ನನ್ನ ತಮ್ಮ, ನಾಳೆ ನಾನು ಅವನ ಮುಖ ಹೆಂಗೆ ನೋಡ್ಲಿ? ಪ್ಯಾಕಿಂಗಿಗೆ ಹಾಕಿದ್ರೆ ಹಾಕ್ಲಿ ಬಿಡು, ಕೂತ್ಕೊಂಡು ಮಾಡೋ ಕೆಲಸ.” ಒಳ್ಳೆಯ ಮನುಷ್ಯ, ಆದರೂ ಅವತ್ತು ಅವರು ನನ್ನ ಬಾಯಿ ಕಟ್ಟಿದರು. ಬೇರೆ ಕಾರಣ ಏನು ಹೇಳಲಿ? ನಿನ್ನ ‘ಅಜಾಗರೂಕತೆ’ಗೆ ತಲೆ ಕೊಟ್ಟೆ.

ಏಳು ತಿಂಗಳ ಹಾಳೆ ನೋಡಿದೆ ಅಂದೆಯಲ್ಲ. ವರದಿ ಹೋದ ಮೇಲೆ ವರ್ಗದ ಆದೇಶ ಬರಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳೂ ನಾನು ಅದೇ ಕೋಣೆಯಲ್ಲಿ ಅಳೆದೆ. ಆ ಹಾಳೆಗಳನ್ನು ನೋಡಿದೆಯಾ? ನೋಡಿರುವುದಿಲ್ಲ. ವರದಿ ಬರೆದಾದ ಮೇಲೆ ನಿನಗೆ ನನ್ನಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಒಮ್ಮೆ ಮಾತ್ರ ಬಾಗಿಲಲ್ಲಿ ನಿಂತು ಕೂಗಿದ್ದೆ: “ಅತ್ತಿಗೆ, ಇದೇನು ಬಸ್‌ಸ್ಟ್ಯಾಂಡಾ? ಆಚೆ ಈಚೆ ಓಡಾಡ್ತಾನೇ ಇದ್ದೀರಲ್ಲ.” ಎಲ್ಲರೂ ನಕ್ಕಿದ್ದರು.

ಸೂಜಿ ಬಿಡುವ ಮೊದಲು ಆ ನಾಲ್ಕು ತಿಂಗಳು ತೆಗೆದು ನೋಡು.

ಗಂಡಸಾಗಿ ಉಳಿದಿಲ್ಲ ಅಂತ ಬರೆದಿದ್ದೀಯ. ನನಗೆ ಇದು ಐದು ವರ್ಷ ಇತ್ತು. ಹೆಂಗಸಾಗಿ ಉಳಿದಿದ್ದೇನೋ ಇಲ್ಲವೋ ಅಂತ ಕೂತು ಯೋಚಿಸಲು ನನಗೆ ಪುರುಸೊತ್ತು ಯಾರು ಕೊಟ್ಟರು? ಬಸ್ಸಿನ ಹೆಂಗಸನ್ನು ನೋಡಿ ಅತ್ತೆಯಲ್ಲ, ಅದರಲ್ಲಿ ನಾಚಿಕೊಳ್ಳುವುದು ಏನಿದೆ ಅಂತ ನನಗೆ ಗೊತ್ತಾಗಲಿಲ್ಲ.

ಕ್ಷಮಿಸಿ ಅಂತಲೂ ಬರೆದಿದ್ದೀಯ. ಕ್ಷಮಿಸಿದ್ದೇನೆ ಅಂತ ಬರೆಯಲು ಪೆನ್ನು ಎತ್ತಿದೆ, ಆಗಲಿಲ್ಲ. ನನ್ನ ಸಿಟ್ಟು ಇನ್ನೂ ಇದೆ. ಅದು ಇದ್ದೂ ನೀನು ಬದುಕಬೇಕು ಅಂತ ನನಗೆ ಆಸೆ. ಎರಡೂ ಒಟ್ಟಿಗೇ ಇವೆ, ಏನು ಮಾಡಲಿ?

ಅತ್ತಿಗೆ


ಮಾರ್ಚ್ ೧೧

ಅಕ್ಕಾ,

ನಿಮ್ಮ ಮೈದುನ ಬರೆಯುತ್ತಾರೆ, ನಾನು ಬರೆಯುವುದಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಕಾಗದಗಳು ಬರುವುದು ಕಾರ್ಖಾನೆಯ ವಿಳಾಸಕ್ಕೆ ಎಂದು ನನಗೆ ಗೊತ್ತು. ಅವರ ಅಂಗಿಯ ಜೇಬಿನಲ್ಲಿ ನಿಮ್ಮ ಅಕ್ಷರ ಕಂಡೆ. ಓದಲಿಲ್ಲ.

ಮೊನ್ನೆ ಒಂಬತ್ತನೇ ತಾರೀಕು ನಾನೂ ಬರುತ್ತೇನೆ ಎಂದರೆ ಬೇಡ ಎಂದು ಒಬ್ಬರೇ ಹೋದರು. “ಆಯ್ತಾ?” ಅಂದೆ, “ಆಯ್ತು” ಅಂದರು. ನಿನ್ನೆ ಆಸ್ಪತ್ರೆಯಿಂದ ಫೋನು ಬಂತು: “ಯಜಮಾನ್ರು ಚೀಟಿ ತಗೊಂಡು ಸಾಲಲ್ಲಿ ಕೂತಿದ್ರು, ಕರೆಯುವಾಗ ಇರಲಿಲ್ಲ. ಯಾವತ್ತು ಬರ್ತಾರೆ?” ಬರುತ್ತಾರೆ ಎಂದು ಹೇಳಿ ಫೋನು ಇಟ್ಟೆ. ಅವರಿಗೆ ಇನ್ನೂ ಹೇಳಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಹೇಳಿದ ಮೊದಲ ಸುಳ್ಳು ಇದು, ಅಥವಾ ನಾನು ಹಿಡಿದ ಮೊದಲ ಸುಳ್ಳು.

ಅವರು ನನ್ನಿಂದ ದೂರ ಹೋಗುತ್ತಿದ್ದಾರೆ ಅಕ್ಕಾ. ಕಾಯಿಲೆಗೆ ನಾನು ಇಷ್ಟು ಹೆದರಿಲ್ಲ. ನಿಮ್ಮ ಮಾತನ್ನು ಮೊದಲಿನಿಂದಲೂ ಕೇಳುತ್ತಾರೆ, ಕೇಳಿದ ಹಾಗೆ ತೋರಿಸಿಕೊಳ್ಳುವುದಿಲ್ಲ ಅಷ್ಟೇ. ಏನಾದರೂ ಬರೆಯಿರಿ.

ನಿಮ್ಮ ತಂಗಿಯಂಥ
ವಾರಗಿತ್ತಿ


ಮಾರ್ಚ್ ೧೯

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಒಂದು ವಾರ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಬೀರು ತೆರೆಯಲು ಧೈರ್ಯ ಬರಲಿಲ್ಲ. ಹನ್ನೆರಡರ ಬೆಳಿಗ್ಗೆ ತೆರೆದೆ.

ಆ ನಾಲ್ಕು ತಿಂಗಳ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿದೆ. ದಿನಕ್ಕೆ ನಾಲ್ಕು ಅಳತೆ, ಐದು ಅಳತೆ. ಉಳಿದವರು ಇಪ್ಪತ್ತು ಮಾಡುತ್ತಿದ್ದ ಕಾಲ. ಒಂದೊಂದು ಅಳತೆಯ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಸಣ್ಣಗೆ ಎರಡು ಹೊತ್ತು ಬರೆದಿದ್ದೀರಿ, ಹೊರಗೆ ಹೋದದ್ದು, ಒಳಗೆ ಬಂದದ್ದು. ನಡುವೆ ಎಲ್ಲೆಲ್ಲೂ ಇಪ್ಪತ್ತು ನಿಮಿಷ. ಬಿಸಿ ಬರುವ ಮುನ್ಸೂಚನೆ ಸಿಕ್ಕ ಕೂಡಲೇ ಚಿಮಟ ಕೆಳಗಿಟ್ಟು ಹೊರಗೆ ಹೋಗಿ, ಓಣಿಯ ಗೋಡೆಗೆ ಒರಗಿ ನಿಂತು, ಉಕ್ಕು ನಿಮ್ಮನ್ನು ಮರೆಯುವವರೆಗೆ ಕಾದು ಬಂದಿದ್ದೀರಿ. ದಿನಕ್ಕೆ ನಾಲ್ಕೈದು ಸಲ. ನಾನು ಬಸ್‌ಸ್ಟ್ಯಾಂಡಾ ಎಂದು ಕೇಳಿದ ದಿನದ ಹಾಳೆಯಲ್ಲೂ ಇದೆ.

ಸಂಖ್ಯೆಗಳನ್ನು ಕೂಡಿಸಿ ನೋಡಿದೆ. ನಂಬಲಿಲ್ಲ, ಮತ್ತೆ ಕೂಡಿಸಿದೆ. ನನ್ನ ಜೀವಮಾನದ ಅತ್ಯುತ್ತಮ ವರ್ಷದ ಹಾಳೆಗಳನ್ನು ಪಕ್ಕದಲ್ಲಿ ಇಟ್ಟೆ. ಒಂದೇ ಬ್ಲಾಕನ್ನು ಮತ್ತೆ ಮತ್ತೆ ಅಳೆದಾಗ ನನ್ನ ಅಳತೆಗಳು ಅಲುಗಿರುವುದರ ಮೂರರಲ್ಲಿ ಒಂದು ಪಾಲೂ ನಿಮ್ಮವು ಅಲುಗಿಲ್ಲ. ಆ ಕೋಣೆ ಕಟ್ಟಿದಾಗಿನಿಂದ ಇವತ್ತಿನವರೆಗೆ ಅಷ್ಟು ಖಚಿತವಾಗಿ ಯಾರೂ ಅಳೆದಿಲ್ಲ ಅತ್ತಿಗೆ. ಮೈ ಹೊತ್ತಿ ಉರಿಯುತ್ತಿದ್ದಾಗ ಅಳೆದಿದ್ದೀರಿ, ಹೊರಗೆ ಕಳಿಸುತ್ತಾರೆ ಎಂದು ಗೊತ್ತಿದ್ದೂ ಅಳೆದಿದ್ದೀರಿ. ಪ್ರತಿ ಹಾಳೆಯ ಕೆಳಗೂ ಮುಖ್ಯಸ್ಥನ ಸಹಿ ಇದೆ. ನನ್ನದೇ. ನೋಡದೆ ಹಾಕಿದ್ದು. ನಾನು ನೆಲದ ಮೇಲೆ ಕೂತುಬಿಟ್ಟೆ.

ಮನೆಗೆ ಹೋಗಿ ಅವಳ ಮುಂದೆ ಎಲ್ಲವನ್ನೂ ಹೇಳಿದೆ. ಬಿಸಿ, ಎದೆ, ಅಳು, ಆಸೆ, ಹಾಕಿಸಿಕೊಳ್ಳದ ಸೂಜಿ. “ಸೂಜಿ ವಿಷಯ ಗೊತ್ತು” ಎಂದಳು. ಆಮೇಲೆ, “ಬಿಸಿ ನನಗೂ ಏಳು ವರ್ಷ ಇತ್ತು. ನೀವು ಚಳಿ ಅಂತ ಎದ್ದು ಫ್ಯಾನ್ ಆರಿಸ್ತಿದ್ರಿ” ಎಂದಳು.

ಏಳು ವರ್ಷ. ಒಂದೇ ಕೋಣೆಯಲ್ಲಿ. ಊರಿನ ಉಕ್ಕಿಗೆಲ್ಲ ಎಷ್ಟು ಬಿಸಿ ತಾಗಿತು ಎಂದು ಹೇಳುವವನಿಗೆ ಪಕ್ಕದಲ್ಲಿ ಮಲಗಿದವಳದು ಗೊತ್ತಾಗಲಿಲ್ಲ. ನನ್ನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇಬ್ಬರೂ ಸೇರಿ ಅತ್ತೆವು. ಹಜಾರದ ಹಾಸಿಗೆ ಎತ್ತಿದ್ದೇನೆ. ಫ್ಯಾನು ಇಬ್ಬರಿಗೂ ತಿರುಗುತ್ತದೆ. ಆ ಆಸೆ ವಾಪಸು ಬಂದಿಲ್ಲ. ಅವಳು ನನ್ನ ಬೆನ್ನಿಗೆ ಒದ್ದೆ ಬಟ್ಟೆ ಇಡುತ್ತಾಳೆ, ಅವಳ ಕೈ ಹಿಡಿದುಕೊಳ್ಳುತ್ತೇನೆ. ಅದು ಸಣ್ಣದು ಎಂದು ಮೊದಲು ಅಂದುಕೊಂಡಿದ್ದೆ.

ಹದಿನಾರಕ್ಕೆ ಇಬ್ಬರೂ ಹೋದೆವು. ಏಳು ದಿನ ತಡವಾದದ್ದು ಸರಿಮಾಡಬಹುದು, ಇನ್ನು ತಪ್ಪಿಸಬಾರದು ಎಂದರು ಡಾಕ್ಟರಮ್ಮ. ಬಿಸಿಯ ಪಟ್ಟಿ ತೋರಿಸಿದೆ, ಅವರು ಕನ್ನಡಕ ಹಾಕಿಕೊಂಡು ಓದಿದರು. “ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?” ಎಂದರು. “ನಾಚಿಕೆ” ಎಂದೆ. ಮಾತ್ರೆ ಬರೆದುಕೊಟ್ಟಿದ್ದಾರೆ, ಮೂಳೆ ಪರೀಕ್ಷೆಗೆ ಹೇಳಿದ್ದಾರೆ, ದಿನಾ ಸ್ವಲ್ಪ ಭಾರ ಎತ್ತಬೇಕಂತೆ. ಮೂರನೆಯ ಸೂಜಿ ಆಯಿತು.

ನಿಮ್ಮ ಬಗ್ಗೆ ನಾನು ಬರೆದಿದ್ದ ವರದಿಯ ಮೇಲೆ ಹೊಸ ಹಾಳೆ ಅಂಟಿಸಿದ್ದೇನೆ. ಹಳೆಯ ವರದಿ ತಪ್ಪು, ಬರೆದವನದೇ ಅಜಾಗರೂಕತೆ, ಈ ಕೋಣೆಯ ಅತಿ ಖಚಿತ ಅಳತೆಗಳು ಆ ವರದಿಯ ನಂತರದ ನಾಲ್ಕು ತಿಂಗಳಲ್ಲಿವೆ ಎಂದು ಬರೆದು ಸಹಿ ಹಾಕಿ ಮೇಲಿನವರಿಗೂ ಕಳಿಸಿದ್ದೇನೆ. ನಕಲು ಇದರ ಜೊತೆ ಇದೆ. ನಾನೀಗ ನಿಮ್ಮ ಹಾಗೇ ಅಳೆಯುತ್ತೇನೆ. ಹೊರಗೆ ಹೋಗುತ್ತೇನೆ, ಅದೇ ಗೋಡೆಗೆ ಒರಗುತ್ತೇನೆ, ಇಪ್ಪತ್ತು ನಿಮಿಷ ನಿಲ್ಲುತ್ತೇನೆ. ನೀವು ಇಲ್ಲಿ ಒಬ್ಬರೇ ನಿಂತಿದ್ದಿರಲ್ಲ ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ಈಗ ಮತ್ತೆ ಕೇಳುತ್ತೇನೆ. ಕ್ಷಮಿಸುತ್ತೀರಾ?

ಮೈಕ್ರಾನ್


ಏಪ್ರಿಲ್ ೨

ಮೈಕ್ರಾನ್‌ಗೆ ಆಶೀರ್ವಾದಗಳು. ಅವಳಿಗೂ.

ನಕಲು ಬಂತು. ಎರಡು ಸಲ ಓದಿ, ಮಗಳ ಕೈಲಿ ಗಟ್ಟಿಯಾಗಿ ಒಂದು ಸಲ ಓದಿಸಿದೆ. “ಅಮ್ಮಾ, ನೀನು ಇದನ್ನೆಲ್ಲ ನಮಗೆ ಯಾವತ್ತೂ ಹೇಳ್ಲೇ ಇಲ್ವಲ್ಲ” ಅಂದಳು. ಅವಳಿಗೀಗ ನಲವತ್ತೆಂಟು. ಇವತ್ತು ಅವಳಿಗೆ ಎಲ್ಲ ಹೇಳುತ್ತಾ ಅಡುಗೆಯನ್ನೇ ಮರೆತೆವು, ಅನ್ನ ಸೀದುಹೋಯಿತು.

ನಿನ್ನ ಪ್ರಶ್ನೆಗೆ ತುಂಬ ಯೋಚಿಸಿದೆ. ನಿನ್ನನ್ನು ನಾನು ಬಲ್ಲೆ. ಒಂದು ಕೆಲಸ ಮುಗಿಯಿತು ಅನ್ನಿಸಿದರೆ ಆ ಕಡೆ ಮತ್ತೆ ತಲೆ ಹಾಕುವವನಲ್ಲ ನೀನು. ನಾನು ಇವತ್ತು ಕ್ಷಮಿಸಿದೆ ಅಂತ ಬರೆದರೆ, ಎಲ್ಲ ಇತ್ಯರ್ಥವಾಯಿತು ಅಂದುಕೊಂಡು ಯಾವತ್ತೋ ಒಂದು ಕೆಟ್ಟ ದಿನ ಮತ್ತೆ ಸಾಲಿನಿಂದ ಎದ್ದು ಬರುತ್ತೀಯ.

ಹಾಗಾಗಿ ಹೀಗೆ ಮಾಡೋಣ. ಇನ್ನು ಐದು ಸೂಜಿ ಇವೆ. ಒಂದೊಂದು ಸೂಜಿ ಹಾಕಿಸಿಕೊಂಡು ಬಂದ ಮೇಲೂ ಕೂತು ನನಗೆ ಕಾಗದ ಬರೆಯಬೇಕು. ಬಿಸಿ ಎಷ್ಟಾಯಿತು, ಅತ್ತದ್ದು ಎಲ್ಲಿ, ಎಷ್ಟು ಭಾರ ಎತ್ತಿದೆ, ಅವಳು ಹೇಗಿದ್ದಾಳೆ, ಎಲ್ಲ ಬರೆದು ಕೊನೆಯಲ್ಲಿ ಇದೇ ಪ್ರಶ್ನೆ ಕೇಳಬೇಕು. ಇನ್ನೂ ಇಲ್ಲ ಅಂತ ನಾನು ಉತ್ತರ ಬರೆಯುತ್ತೇನೆ. ಎಂಟನೆಯ ಸೂಜಿಯ ಕಾಗದ ಬಂದ ದಿನ ನೋಡೋಣ. ನನಗೆ ಎಪ್ಪತ್ತೆರಡು, ಆ ಉತ್ತರ ಕೊಡಲು ನಾನೂ ಇರಬೇಕಾಗುತ್ತದೆ. ಇರುತ್ತೇನೆ.

ಮೂರನೆಯ ಸೂಜಿಯ ಉತ್ತರ: ಇನ್ನೂ ಇಲ್ಲ.

ನಿನ್ನ ಅತ್ತಿಗೆ